ಕಾರ್ಪೊರೇಟರ್ ಇಲ್ಲದ ಐದು ವರ್ಷ: ಅರೆಕೆರೆಯಿಂದ ಒಂದು ವರ್ಷಾಂತ್ಯದ ಲೆಕ್ಕ

1/10
(ಫೋಟೋ: ನನ್ನ ಎಡಗೈ ತೋರುಬೆರಳು, 26 ಏಪ್ರಿಲ್ 2024)

ಈ ವಾರ ಎಲ್ಲರೂ ಟ್ರಿಪ್ ಫೋಟೋ, ಕೇಕ್ ಫೋಟೋ ಹಾಕ್ತಿದ್ದೀರ. ನಾನು ಸ್ವಲ್ಪ ಬೋರ್ ಹೊಡೆಸ್ತೀನಿ, ಬೇಜಾರು ಮಾಡ್ಕೋಬೇಡಿ. ಹತ್ತು ಪೋಸ್ಟ್ ಇವೆ. ಒಂದೇ ಸಲ ಓದಬೇಕು ಅಂತೇನಿಲ್ಲ, ಸೇವ್ ಮಾಡಿಟ್ಟು ಬಸ್ಸಲ್ಲಿ ಓದಿ.

ಹೋದ ತಿಂಗಳು ಕ್ಯಾಂಟೀನಲ್ಲಿ ಏಳು ಜನ ಕೂತಿದ್ವಿ. "ನಿಮ್ಮ ಏರಿಯಾ ಕಾರ್ಪೊರೇಟರ್ ಯಾರು?" ಅಂತ ಕೇಳಿದೆ. ಇಬ್ಬರು ಎಂಎಲ್‌ಎ ಹೆಸರು ಹೇಳಿದರು. ಒಬ್ಬಳು ಗಣೇಶನ ಹಬ್ಬದ ಫ್ಲೆಕ್ಸ್‌ನಲ್ಲಿ ನೋಡಿದ ಹೆಸರು ಹೇಳಿದಳು. ಉಳಿದವರು ಮೊಬೈಲ್ ತೆಗೆದರು. ಸರಿಯಾದ ಉತ್ತರ ಯಾರಿಗೂ ಹೊಳೆಯಲಿಲ್ಲ: ಯಾರೂ ಇಲ್ಲ.

ಬಿಬಿಎಂಪಿಯ ಕೊನೆಯ ಕೌನ್ಸಿಲ್ ಅವಧಿ ಮುಗಿದದ್ದು 10 ಸೆಪ್ಟೆಂಬರ್ 2020ಕ್ಕೆ. ಆಗ ನಾನು ಹತ್ತನೇ ಕ್ಲಾಸು, ಅಪ್ಪನ ಫೋನಲ್ಲಿ ಆನ್‌ಲೈನ್ ಪಾಠ ಕೇಳ್ತಿದ್ದೆ. ಈಗ ಬಿಕಾಂ ಕೊನೆ ವರ್ಷ. ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ ಇಷ್ಟೂ ಆಗುವಷ್ಟು ಕಾಲ ನಮ್ಮ ಬೀದಿ ಪರವಾಗಿ ಪಾಲಿಕೆಯಲ್ಲಿ ಎದ್ದು ಮಾತಾಡೋಕೆ ಒಬ್ಬ ಚುನಾಯಿತ ವ್ಯಕ್ತಿ ಇರಲಿಲ್ಲ.

ಫೋಟೋದಲ್ಲಿರೋ ಶಾಯಿ ಲೋಕಸಭೆಯದ್ದು.   ಬನ್ನೇರುಘಟ್ಟ ರಸ್ತೆ ಟ್ರಾಫಿಕ್‌ನಲ್ಲಿ ಮುಕ್ಕಾಲು ಗಂಟೆ ನಿಂತು ಹೋಗಿ ನಾನು ಹಾಕಿದ ಮೊದಲ ವೋಟು ಅದು!

ಪಿಯುಸಿ ರಾಜ್ಯಶಾಸ್ತ್ರದಲ್ಲಿ ‘ಮಿತಿಯುಳ್ಳ ಸರ್ಕಾರ’ ಅಂತ ಓದಿದ್ದು ನೆನಪಿದೆಯಾ? ಸರ್ಕಾರ ಚಿಕ್ಕದಾಗಿರಬೇಕು ಅಂತ ಅದರ ಅರ್ಥ ಅಲ್ಲ. ಅಧಿಕಾರಕ್ಕೆ ಇಷ್ಟೇ ಕಾಲ, ಇಷ್ಟೇ ವ್ಯಾಪ್ತಿ ಅಂತ ಗೆರೆ ಇರಬೇಕು, ಖರ್ಚಿಗೆ ಲೆಕ್ಕ ಕೇಳುವವರು ಇರಬೇಕು. ನಮ್ಮ ಊರಲ್ಲಿ ಆ ಗೆರೆಗಳು ಯಾವಾಗ ಬಂದವು, ಹೇಗೆ ಅಳಿಸಿಹೋದವು ಅನ್ನೋದೇ ಈ ಸರಣಿ.

2/10
(ಫೋಟೋ: ಬೇಗೂರು ನಾಗೇಶ್ವರ ದೇವಸ್ಥಾನ, ಬೆಳಗ್ಗೆ)

ಮೊದಲು ತುಂಬಾ ಹಿಂದಕ್ಕೆ ಹೋಗೋಣ. ಅರೆಕೆರೆಯಿಂದ ಗಾಡಿಯಲ್ಲಿ ಇಪ್ಪತ್ತು ನಿಮಿಷ ಹೋದರೆ ಬೇಗೂರು. ಅಲ್ಲಿನ ದೇವಸ್ಥಾನದ ಆವರಣದಲ್ಲಿ ಸುಮಾರು ಕ್ರಿ.ಶ. 890ರ ಒಂದು ಶಾಸನ ಇದೆ. ಅದರಲ್ಲಿ ‘ಬೆಂಗಳೂರು’ ಕಾಳಗದ ಮಾತು ಬರುತ್ತೆ. ಕೆಂಪೇಗೌಡರು 1537ರಲ್ಲಿ ಪೇಟೆ ಕಟ್ಟೋಕೆ ಆರುನೂರು ವರ್ಷಕ್ಕೂ ಹೆಚ್ಚು ಮೊದಲೇ ನಮ್ಮ ಊರಿನ ಹೆಸರು ಕಲ್ಲಿನ ಮೇಲೆ ಇತ್ತು, ಅದೂ ನಮ್ಮ ಪಕ್ಕದಲ್ಲೇ.

ಬೇಗೂರಿನದ್ದೇ ಇನ್ನೊಂದು ವೀರಗಲ್ಲು ಈಗ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆನೆ, ಕುದುರೆ, ಕತ್ತಿ ಹಿಡಿದ ಸೈನಿಕರು ಎಲ್ಲ ಒಬ್ಬರ ಮೇಲೊಬ್ಬರು ಬಿದ್ದ ಹಾಗೆ ಕೆತ್ತಿದ್ದಾರೆ. ಗಂಗರ ಎರೆಯಪ್ಪನ ಕಾಲದ್ದು. ತುಂಬೆಪಾಡಿ ಅನ್ನೋ ಜಾಗದಲ್ಲಿ ನಾಗತ್ತರ ಅನ್ನೋ ನಾಯಕ ಹೋರಾಡಿ ಸತ್ತ. ಅದಕ್ಕೆ ರಾಜ ಇರುಗ ಅನ್ನೋವನಿಗೆ ನಾಗತ್ತರನ ಪದವಿ ಕೊಟ್ಟು, ‘ಬೆಂಪೂರು ಹನ್ನೆರಡು’ ಅಂದರೆ ಬೇಗೂರು ಸೀಮೆಯ ಹನ್ನೆರಡು ಹಳ್ಳಿಗಳನ್ನ ಕಲ್ನಾಡಾಗಿ ಬಿಟ್ಟುಕೊಟ್ಟ. ಹಳ್ಳಿಗಳ ಹೆಸರೂ ಕಲ್ಲಿನಲ್ಲಿದೆ.

ನಾನು ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, ನಮ್ಮ ಈ ಸೀಮೆಯಲ್ಲಿ ‘ಆಡಳಿತ ಘಟಕ’ದ ಬಗ್ಗೆ ಸಿಗೋ ತುಂಬಾ ಹಳೆಯ ದಾಖಲೆಗಳಲ್ಲಿ ಇದೊಂದು. ಇಲ್ಲಿ ಹನ್ನೆರಡು ಹಳ್ಳಿ ಒಂದು ಬಹುಮಾನ. ಮೇಲಿನವರು ಕೊಟ್ಟರು, ಕೆಳಗಿನವರು ತಗೊಂಡರು. ಆ ಹಳ್ಳಿಗಳಲ್ಲಿ ಇದ್ದವರನ್ನ ಯಾರೂ ಕೇಳಲಿಲ್ಲ. ಒಂಬತ್ತನೇ ಶತಮಾನದಲ್ಲಿ ಕೇಳೋ ಪದ್ಧತಿ ಇರಲಿಲ್ಲ ಬಿಡಿ. ಆದರೆ ಈ ಕಲ್ಲನ್ನ ಮನಸ್ಸಲ್ಲಿ ಇಟ್ಕೊಳಿ, ಆರನೇ ಪೋಸ್ಟಲ್ಲಿ ಬೇಕಾಗುತ್ತೆ.

3/10
(ಫೋಟೋ: ಅರೆಕೆರೆ ಕೆರೆ ಏರಿ, ಸಂಜೆ)

‘ಅರೆ’ ಅಂದರೆ ಅರ್ಧ ಅಂತಲೂ ಅರ್ಥ, ಬಂಡೆ ಅಂತಲೂ ಅರ್ಥ. ಯಾವುದಾದರೂ ಇರಲಿ, ಹೆಸರಲ್ಲಿ ಕೆರೆ ಇದೆ. ಸುತ್ತಲೂ ನೋಡಿ: ಹುಳಿಮಾವು ಕೆರೆ, ಮಡಿವಾಳ ಕೆರೆ, ಬೇಗೂರು ಕೆರೆ, ಪುಟ್ಟೇನಹಳ್ಳಿ ಕೆರೆ. ದೊಡ್ಡ ನದಿ ಇಲ್ಲದ ಈ ಸೀಮೆಯಲ್ಲಿ ಊರು ಕಟ್ಟಬೇಕಾದರೆ ಮೊದಲು ಏರಿ ಕಟ್ಟಬೇಕಿತ್ತು.

ಕೆರೆ ಇದ್ದ ಕಡೆ ಒಂದು ಸಣ್ಣ ಸರ್ಕಾರ ಇರಲೇಬೇಕು. ತೂಬು ಯಾವಾಗ ಎತ್ತಬೇಕು, ಮೊದಲು ಯಾರ ಗದ್ದೆಗೆ ನೀರು, ಮಳೆಗಾಲಕ್ಕೆ ಮುಂಚೆ ಹೂಳು ಯಾರು ತೆಗೀಬೇಕು? ಇದನ್ನ ನೋಡ್ಕೊಳ್ಳೋನು ನೀರುಗಂಟಿ. ಅವನ ಜೊತೆ ಗೌಡ, ಶಾನುಭೋಗ, ತಳವಾರ, ತೋಟಿ, ಬಡಗಿ, ಕಮ್ಮಾರ, ಕುಂಬಾರ, ಅಗಸ ಇವರೆಲ್ಲ ಸೇರಿ ಆಯಗಾರರು. ಸಂಬಳ ಇಲ್ಲ, ಸುಗ್ಗಿಯಲ್ಲಿ ಕಣದಿಂದ ಕಾಳು ಅಳೆದು ಕೊಡೋದು. ಕೆಲವರಿಗೆ ಇನಾಮು ಜಮೀನು.

ಮೈಸೂರಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಇತಿಹಾಸದ ಪುಸ್ತಕದಲ್ಲಿ ಈ ಹನ್ನೆರಡು ಆಯಗಾರರನ್ನ ಪಟ್ಟಿ ಮಾಡಿ, ಇಲ್ಲಿ ಒಂದೊಂದು ಹಳ್ಳಿಯೂ ಒಂದೊಂದು ಗಣರಾಜ್ಯದ ಹಾಗೆ ಅಂತ ಬರೆದ. ಆಮೇಲೆ ಚಾರ್ಲ್ಸ್ ಮೆಟ್ಕಾಫ್ ಕೂಡ ಅದನ್ನೇ ಹೊಗಳಿದ. ‘ರಾಜರು ಬಂದರು ಹೋದರು, ಹಳ್ಳಿ ಉಳೀತು’ ಅನ್ನೋ ಮಾತು ಅಲ್ಲಿಂದ ಶುರುವಾಗಿ ಇವತ್ತಿಗೂ ಭಾಷಣಗಳಲ್ಲಿ ಓಡ್ತಿದೆ.

ಇದನ್ನ ಕೇಳಿ ಖುಷಿಪಡೋಕೆ ಮುಂಚೆ 4 ನವೆಂಬರ್ 1948ರ ಡಾ. ಅಂಬೇಡ್ಕರ್ ಭಾಷಣ ಓದಿ. ಸಂವಿಧಾನ ಸಭೆಯಲ್ಲಿ ಕರಡು ಮಂಡಿಸುವಾಗ ಅವರು ಮೆಟ್ಕಾಫ್ ಹೆಸರು ತೆಗೆದೇ ಈ ಹೊಗಳಿಕೆಯನ್ನ ಪ್ರಶ್ನೆ ಮಾಡಿದರು. ಹಳ್ಳಿ ಅಂದರೆ ಸಂಕುಚಿತ ಬುದ್ಧಿ, ಜಾತಿ, ಅಜ್ಞಾನದ ಜಾಗ ಆಗಿಬಿಟ್ಟಿದೆ ಅನ್ನೋದು ಅವರ ವಾದ. ಯೋಚಿಸಿ ನೋಡಿ: ತೋಟಿಯ ಮಗ ಶಾನುಭೋಗ ಆಗೋಕೆ ಆಗ್ತಿತ್ತಾ? ಬಾವಿಯಿಂದ ಎಲ್ಲರೂ ನೀರು ಸೇದಬಹುದಿತ್ತಾ? ಮೇಲಿನ ಸರ್ಕಾರಕ್ಕೆ ಮಿತಿ ಇದ್ದರೆ ಸಾಲದು. ಊರಿನ ಒಳಗಿನ ದೊಡ್ಡವರಿಗೂ ಮಿತಿ ಬೇಕು. ‘ನಮ್ಮೂರು ನಾವೇ ನೋಡ್ಕೋತೀವಿ’ ಅನ್ನುವಾಗ ಆ ‘ನಾವು’ ಒಳಗೆ ಯಾರ್ಯಾರು ಇದ್ದಾರೆ ಅಂತ ಕೇಳಲೇಬೇಕು.

4/10
(ಫೋಟೋ: ಹಡ್ಸನ್ ವೃತ್ತದ ಪಾಲಿಕೆ ಕಟ್ಟಡ)

ಈಗ ಪೇಟೆ ಕಡೆ ಬನ್ನಿ. ನಮ್ಮ ಅಜ್ಜಿ ಇವತ್ತಿಗೂ ಕೆ.ಆರ್. ಮಾರ್ಕೆಟ್‌ಗೆ ಹೊರಟರೆ "ಬೆಂಗಳೂರಿಗೆ ಹೋಗಿ ಬರ್ತೀನಿ" ಅಂತಾರೆ. ನಗ್ತಿದ್ದೆವು. ಆದರೆ ಅವರು ಹೇಳೋದು ಸರಿ. ನಾವು ಬೆಂಗಳೂರು ಆಗಿದ್ದು ಮೊನ್ನೆ ಮೊನ್ನೆ.

ಆ ‘ಬೆಂಗಳೂರಿಗೆ’ ಮುನಿಸಿಪಾಲಿಟಿ ಬಂದದ್ದು 27 ಮಾರ್ಚ್ 1862ರಂದು. 1850ರ ಒಂದು ಕಾಯ್ದೆಯಡಿ ಪೇಟೆಯ ಒಂಬತ್ತು ಜನ ಪ್ರಮುಖರ ಮಂಡಳಿ. ಅದೇ ವರ್ಷ ಆಗಸ್ಟ್‌ನಲ್ಲಿ ದಂಡು ಪ್ರದೇಶಕ್ಕೆ ಬೇರೆ ಮಂಡಳಿ. ಯಾರನ್ನೂ ಜನ ಆರಿಸಿರಲಿಲ್ಲ. 1880ರ ದಶಕದ ಶುರುವಿನಲ್ಲಿ ಅರ್ಧದಷ್ಟು ಸದಸ್ಯರನ್ನ ಆರಿಸೋಕೆ ಅವಕಾಶ ಕೊಟ್ಟರು, ಆಸ್ತಿ ತೆರಿಗೆಯೂ ಆಗಲೇ ಬಂತು. ಕಾಮರ್ಸ್ ಹುಡುಗರು ಇದನ್ನ ಗಮನಿಸಿ: ತೆರಿಗೆಯೂ ಪ್ರತಿನಿಧಿಯೂ ಜೊತೆಜೊತೆಗೆ ಬಂದವು.

ಅದೇ ಸುಮಾರಿಗೆ, 1881ರಲ್ಲಿ, ದಿವಾನ್ ರಂಗಾಚಾರ್ಲು ಮೈಸೂರು ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದರು. 144 ಸದಸ್ಯರು. ಶುರುವಿನಲ್ಲಿ ಅವರಿಗೆ ಕಾನೂನು ಮಾಡೋ ಅಧಿಕಾರ ಇರಲಿಲ್ಲ. ದಸರಾ ಸಮಯದಲ್ಲಿ ಸೇರಿ, ನಮ್ಮ ಕಡೆ ರಸ್ತೆ ಇಲ್ಲ, ಕೆರೆ ಒಡೆದಿದೆ ಅಂತ ಹೇಳಬಹುದಿತ್ತು, ದಿವಾನರು ಕೇಳಿಸ್ಕೋಬೇಕಿತ್ತು. ಅಷ್ಟೇ. ಆದರೆ ದಿವಾನರು ಎಲ್ಲರ ಎದುರಿಗೆ ಕೂತು ಕೇಳಿಸ್ಕೋಬೇಕು ಅನ್ನೋದೇ ಆ ಕಾಲಕ್ಕೆ ದೊಡ್ಡ ಮಾತು.

ಸ್ವಾತಂತ್ರ್ಯ ಬಂದ ಮೇಲೆ 1949ರಲ್ಲಿ ಪೇಟೆ ಮತ್ತು ದಂಡು ಎರಡೂ ಸೇರಿ ಬೆಂಗಳೂರು ನಗರ ಕಾರ್ಪೊರೇಷನ್ ಆಯ್ತು, ಮೇಯರ್ ಹುದ್ದೆ ಬಂತು, 1950ರಲ್ಲಿ ಚುನಾವಣೆ ಆಯ್ತು. ಅದಕ್ಕೆ ಸ್ವಲ್ಪ ಮುಂಚೆ, 20 ಆಗಸ್ಟ್ 1948ರಂದು, ಸಿ. ರಾಜಗೋಪಾಲಾಚಾರಿ ಜಯನಗರಕ್ಕೆ ಅಡಿಗಲ್ಲು ಹಾಕಿದ್ದರು. ನಗರ ನಮ್ಮ ಕಡೆಗೆ ನಡೆಯೋಕೆ ಶುರು ಮಾಡಿತ್ತು. ಅರೆಕೆರೆ ಮಾತ್ರ ಆಗಲೂ ಬೇಗೂರು ಹೋಬಳಿಯ ಒಂದು ಹಳ್ಳಿ.

5/10
(ಫೋಟೋ: ಹಳೆ ಕಂದಾಯ ರಸೀದಿ, ಅಜ್ಜಿಯ ಟ್ರಂಕಿನಿಂದ. ಹೆಸರು ಮುಚ್ಚಿದ್ದೀನಿ)

ಸಂವಿಧಾನದಲ್ಲಿ ಪಂಚಾಯಿತಿಗೆ ಮೊದಲು ಸಿಕ್ಕಿದ್ದು 40ನೇ ವಿಧಿ. ಸರ್ಕಾರ ಗ್ರಾಮ ಪಂಚಾಯಿತಿಗಳನ್ನ ಕಟ್ಟಬೇಕು ಅಂತ ಹೇಳುತ್ತೆ, ಆದರೆ ಅದು ನಿರ್ದೇಶಕ ತತ್ವ. ಮಾಡದಿದ್ದರೆ ಕೋರ್ಟಿಗೆ ಹೋಗೋ ಹಾಗಿಲ್ಲ. ಹಾಗಾಗಿ ಎಷ್ಟೋ ವರ್ಷ ಪಂಚಾಯಿತಿ ಚುನಾವಣೆ ಅನ್ನೋದು ರಾಜ್ಯ ಸರ್ಕಾರದ ಮನಸ್ಸಿಗೆ ಬಂದಾಗ ಮಾತ್ರ.

ಕರ್ನಾಟಕದಲ್ಲಿ ಇದನ್ನ ಬದಲಾಯಿಸೋಕೆ ಗಂಭೀರವಾಗಿ ಕೈ ಹಾಕಿದವರು ರಾಮಕೃಷ್ಣ ಹೆಗಡೆ ಸರ್ಕಾರದ ಮಂತ್ರಿ ಅಬ್ದುಲ್ ನಜೀರ್ ಸಾಬ್. ಊರೂರಿಗೆ ಬೋರ್‌ವೆಲ್ ಕೊರೆಸಿದ್ದಕ್ಕೆ ಜನ ಅವರನ್ನ ‘ನೀರ್ ಸಾಬ್’ ಅಂತಿದ್ದರು. 1983ರ ಕಾಯ್ದೆಯಿಂದ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ ಬಂದವು. ಹೆಣ್ಣುಮಕ್ಕಳಿಗೆ ನೂರಕ್ಕೆ 25 ಸೀಟು. ಜನವರಿ 1987ರಲ್ಲಿ ಚುನಾವಣೆ. ಬೇರೆ ರಾಜ್ಯದವರು ಬಂದು ನೋಡಿಕೊಂಡು ಹೋಗುವಷ್ಟು ಹೆಸರಾಯ್ತು.

ಆಮೇಲೆ ಏನಾಯ್ತು? ಐದು ವರ್ಷದ ಅವಧಿ ಮುಗೀತು. 1992ರಲ್ಲಿ ಹೊಸ ಚುನಾವಣೆ ಬದಲು ಆಡಳಿತಾಧಿಕಾರಿಗಳು ಬಂದರು. ಈ ಸಾಲನ್ನ ಎರಡು ಸಲ ಓದಿ. ಇವತ್ತಿನ ಸುದ್ದಿ ಥರಾನೇ ಇದೆ ಅಲ್ವಾ?

ಇಂಥದ್ದು ಆಗಬಾರದು ಅಂತಲೇ 1993ರಲ್ಲಿ 73 ಮತ್ತು 74ನೇ ತಿದ್ದುಪಡಿ ಜಾರಿಗೆ ಬಂದವು. ಹಳ್ಳಿಗೆ 73, ನಗರಕ್ಕೆ 74. ನಗರದವರು ನೆನಪಿಡಬೇಕಾದ್ದು 243 ಯು ವಿಧಿ. ಮುನಿಸಿಪಾಲಿಟಿಯ ಅವಧಿ ಮೊದಲ ಸಭೆಯಿಂದ ಐದು ವರ್ಷ, ಅದಕ್ಕಿಂತ ಒಂದು ದಿನವೂ ಹೆಚ್ಚಿಲ್ಲ. ಆ ಅವಧಿ ಮುಗಿಯೋ ಮುಂಚೆ ಹೊಸ ಚುನಾವಣೆ ಮುಗಿದಿರಬೇಕು. ಮಧ್ಯದಲ್ಲಿ ವಿಸರ್ಜನೆ ಆದರೆ ಆರು ತಿಂಗಳ ಒಳಗೆ. 243 ಎಸ್ ವಿಧಿಯಲ್ಲಿ ವಾರ್ಡ್ ಸಮಿತಿ. 12ನೇ ಅನುಸೂಚಿಯಲ್ಲಿ ನಗರಸಭೆಗಳಿಗೆ ಕೊಡಬಹುದಾದ 18 ಕೆಲಸ.

2006ರಲ್ಲಿ ಸುಪ್ರೀಂ ಕೋರ್ಟ್ ಕಿಶನ್ ಸಿಂಗ್ ತೋಮರ್ ಕೇಸಲ್ಲಿ (ಅಹಮದಾಬಾದ್ ಪಾಲಿಕೆ ವಿಷಯ) ಸಂವಿಧಾನದ ಈ ಗಡುವನ್ನ ಪಾಲಿಸಲೇಬೇಕು, ವಾರ್ಡ್ ವಿಂಗಡಣೆ ಮುಗಿದಿಲ್ಲ ಅಂತ ಚುನಾವಣೆ ಮುಂದೂಡೋ ಹಾಗಿಲ್ಲ ಅನ್ನೋ ಅರ್ಥದಲ್ಲಿ ಹೇಳಿತು. ಅಂದರೆ ಗೆರೆ ಸ್ಪಷ್ಟವಾಗಿ ಎಳೆದಾಗಿತ್ತು.

6/10
(ಫೋಟೋ: ಅರೆಕೆರೆ ಗೇಟ್ ಬಸ್ ಸ್ಟಾಪ್)

ಈಗ ನಮ್ಮ ಸರದಿ. ಜನವರಿ 2007ರಲ್ಲಿ ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಿತು: ಹಳೆಯ ಬೆಂಗಳೂರು ಮಹಾನಗರ ಪಾಲಿಕೆ, ಸುತ್ತಲಿನ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಎಲ್ಲ ಸೇರಿ ಒಂದೇ. ಏಪ್ರಿಲ್ ಹೊತ್ತಿಗೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರೆಡಿ. ಸುಮಾರು 226 ಚದರ ಕಿ.ಮೀ. ಇದ್ದ ನಗರ ಒಂದೇ ಏಟಿಗೆ 700 ಚದರ ಕಿ.ಮೀ. ದಾಟಿತು. ಏಳು ನಗರಸಭೆಗಳಲ್ಲಿ ಬೊಮ್ಮನಹಳ್ಳಿಯೂ ಒಂದು. ನಾವು ಬಿಬಿಎಂಪಿಯ ಬೊಮ್ಮನಹಳ್ಳಿ ವಲಯಕ್ಕೆ ಬಂದ್ವಿ. ನನಗಾಗ ಎರಡು ವರ್ಷ ಕೂಡ ತುಂಬಿರಲಿಲ್ಲ.

ಈ 110 ಹಳ್ಳಿಯವರನ್ನ, ಏಳು ನಗರಸಭೆಯವರನ್ನ ‘ಸೇರ್ತೀರಾ?’ ಅಂತ ಮತ ಕೇಳಲಿಲ್ಲ. ಎರಡನೇ ಪೋಸ್ಟಿನ ಬೆಂಪೂರು ಹನ್ನೆರಡು ನೆನಪಾಯ್ತಾ? ಎರಡೂ ಒಂದೇ ಅಂತ ನಾನು ಹೇಳಲ್ಲ. 2007ರಲ್ಲಿ ಕಾನೂನು ಇತ್ತು, ಆಕ್ಷೇಪಣೆಗೆ ಅವಕಾಶ ಇತ್ತು. ಆದರೂ ಗಡಿ ಎಳೆಯೋ ಕೈ ಮೇಲಿತ್ತು, ಬದುಕೋ ಜನ ಕೆಳಗಿದ್ದರು.

ಸೇರಿದ್ದು ತಪ್ಪು ಅಂತಲೂ ಅಲ್ಲ. ಲೇಔಟ್‌ಗಳು ಆಗಲೇ ಬಂದಿದ್ದವು, ಪಂಚಾಯಿತಿ ಕೈಯಲ್ಲಿ ಒಳಚರಂಡಿ ಮಾಡೋಕೆ ಆಗ್ತಿರಲಿಲ್ಲ. ಆದರೆ ಹಿಂದೆ ಪಂಚಾಯಿತಿ ಮೆಂಬರ್ ಮನೆ ಎರಡು ಬೀದಿ ಆಚೆ ಇರ್ತಿತ್ತು. ಅಜ್ಜಿ ಹೇಳೋ ಪ್ರಕಾರ ನೀರು ಬರದಿದ್ದರೆ ಹೆಂಗಸರು ಕೊಡ ತಗೊಂಡು ಅವರ ಜಗಲಿ ಮೇಲೆ ಕೂತುಬಿಡ್ತಿದ್ದರು! ಆಮೇಲೆ ಹತ್ತಾರು ಸಾವಿರ ಜನಕ್ಕೆ ಒಬ್ಬ ಕಾರ್ಪೊರೇಟರ್.

ಅದೂ ತಕ್ಷಣ ಬರಲಿಲ್ಲ. ಹಳೆ ಪಾಲಿಕೆಯ ಅವಧಿ ನವೆಂಬರ್ 2006ಕ್ಕೇ ಮುಗಿದಿತ್ತು. 198 ವಾರ್ಡಿಗೆ ಚುನಾವಣೆ ನಡೆದದ್ದು 28 ಮಾರ್ಚ್ 2010ಕ್ಕೆ. ಮೂರು ವರ್ಷಕ್ಕೂ ಹೆಚ್ಚು ಆಡಳಿತಾಧಿಕಾರಿ. ಅರೆಕೆರೆಗೆ 193 ಅಂತ ನಂಬರ್ ಬಂತು. 110 ಹಳ್ಳಿಗಳಿಗಾಗಿಯೇ ಮಾಡಿದ ಕಾವೇರಿ ಐದನೇ ಹಂತ ಉದ್ಘಾಟನೆ ಆಗಿದ್ದು 16 ಅಕ್ಟೋಬರ್ 2024ರಂದು. ಸೇರಿಸಿಕೊಂಡು ಹದಿನೇಳು ವರ್ಷ ಆದ ಮೇಲೆ ನೀರು.

7/10
(ಫೋಟೋ: ಕ್ಯಾಲೆಂಡರ್ ಮೇಲೆ ನಾನೇ ಕೆಂಪು ಪೆನ್ನಲ್ಲಿ ಬರೆದದ್ದು)

ಎರಡನೇ ಚುನಾವಣೆ 22 ಆಗಸ್ಟ್ 2015. ಬಿಜೆಪಿ 100, ಕಾಂಗ್ರೆಸ್ 76, ಜೆಡಿಎಸ್ 14, ಇತರರು 8. ಅದೇ ಕೊನೆ. ಆಮೇಲಿನದ್ದನ್ನ ಕಡಿಮೆ ಮಾತಲ್ಲಿ ಹೇಳಿಬಿಡ್ತೀನಿ.

ಸೆಪ್ಟೆಂಬರ್ 2020: ಅವಧಿ ಮುಗೀತು, ಆಡಳಿತಾಧಿಕಾರಿ ಬಂದರು.
4 ಡಿಸೆಂಬರ್ 2020: 198 ವಾರ್ಡಿಗೇ ಚುನಾವಣೆ ನಡೆಸಿ, ಆರು ವಾರದಲ್ಲಿ ಅಧಿಸೂಚನೆ ಹೊರಡಿಸಿ ಅಂತ ಹೈಕೋರ್ಟ್ ಹೇಳಿತು.
18 ಡಿಸೆಂಬರ್ 2020: ಸುಪ್ರೀಂ ಕೋರ್ಟ್ ತಡೆ.
ಜನವರಿ 2021: ಹೊಸ ಬಿಬಿಎಂಪಿ ಕಾಯ್ದೆ ಜಾರಿ. ವಾರ್ಡ್ 243 ಮಾಡ್ತೀವಿ ಅಂದರು.
ಜುಲೈ 2022: 243 ವಾರ್ಡ್ ಅಧಿಸೂಚನೆ. ಸೆಪ್ಟೆಂಬರ್ ಕೊನೆಯಲ್ಲಿ ಹೈಕೋರ್ಟ್ ಮೀಸಲಾತಿ ಪಟ್ಟಿ ರದ್ದು ಮಾಡಿತು.
ಸೆಪ್ಟೆಂಬರ್ 2023: ಮತ್ತೆ ವಿಂಗಡಣೆ, ಈ ಸಲ 225.
15 ಮೇ 2025: ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಜಾರಿ.
2 ಸೆಪ್ಟೆಂಬರ್ 2025: ಬಿಬಿಎಂಪಿ ಹೋಯ್ತು, ಐದು ನಗರ ಪಾಲಿಕೆ ಬಂದವು. ನಾವು ಬೆಂಗಳೂರು ದಕ್ಷಿಣ.
ನವೆಂಬರ್ 2025: ಐದೂ ಸೇರಿ 369 ವಾರ್ಡ್. ದಕ್ಷಿಣಕ್ಕೆ 72.

198, 243, 225, 369. ಇವತ್ತು 31 ಡಿಸೆಂಬರ್ 2025, ಇನ್ನೂ ಮತದಾನ ಆಗಿಲ್ಲ. ಈ ಮಧ್ಯೆ ರಾಜ್ಯದಲ್ಲಿ ಆಳೋ ಪಕ್ಷ ಬದಲಾಯ್ತು. ಅದಕ್ಕೇ ಕಾಮೆಂಟಲ್ಲಿ ‘ನಿಮ್ಮ ಪಾರ್ಟಿ, ನಮ್ಮ ಪಾರ್ಟಿ’ ಬೇಡ. ಇದರಲ್ಲಿ ಎಲ್ಲರೂ ಪಾಲುದಾರರು.

‘ಕೊರೋನಾ ಇತ್ತಲ್ಲ’ ಅಂತೀರಾ? ಅದೇ ಡಿಸೆಂಬರ್ 2020ರ 22 ಮತ್ತು 27ನೇ ತಾರೀಖು ಕರ್ನಾಟಕದ ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ನಡೀತು. ಮಾಸ್ಕ್ ಹಾಕ್ಕೊಂಡು ಜನ ಕ್ಯೂ ನಿಂತರು. ಆದರೆ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಿಗೆ 2016ರ ನಂತರ ಚುನಾವಣೆನೇ ಇಲ್ಲ. ಅಂದರೆ ಇದು ಬೆಂಗಳೂರಿನವರ ಕಷ್ಟ ಮಾತ್ರ ಅಲ್ಲ.

8/10
(ಫೋಟೋ: ನಮ್ಮ ಮನೆಯ ಆಸ್ತಿ ತೆರಿಗೆ ರಸೀದಿ, ನಂಬರ್ ಮುಚ್ಚಿದೆ)

ಇದಕ್ಕೆ ನಮ್ಮ ಮನೆಯಲ್ಲೇ ಸಿಗೋ ಉತ್ತರ: "ಕಾರ್ಪೊರೇಟರ್ ಇದ್ದಾಗ ಏನು ಸ್ವರ್ಗ ಇತ್ತಾ? ಕಾಂಟ್ರಾಕ್ಟ್, ಕಮಿಷನ್, ಸೈಟು. ಆಫೀಸರೇ ವಾಸಿ." ಅಪ್ಪನ ಮಾತಲ್ಲಿ ಅರ್ಧ ನಿಜ ಇದೆ, ಒಪ್ಕೋತೀನಿ.

ಜೊತೆಗೆ ಕಾರ್ಪೊರೇಟರ್ ಕೈಯಲ್ಲಿ ಇದ್ದದ್ದೂ ಕಡಿಮೆ. ನೀರು, ಒಳಚರಂಡಿ ಜಲಮಂಡಳಿಗೆ (1964). ಲೇಔಟ್ ಬಿಡಿಎಗೆ (1976). ಬಸ್ಸು ಬಿಎಂಟಿಸಿಗೆ (1997). ಕರೆಂಟ್ ಬೆಸ್ಕಾಂಗೆ (2002). ಇವೆಲ್ಲ ರಾಜ್ಯ ಸರ್ಕಾರಕ್ಕೆ ಉತ್ತರ ಕೊಡೋ ಸಂಸ್ಥೆಗಳು. ಮೇಯರ್‌ಗೆ ಒಂದೇ ವರ್ಷದ ಅವಧಿ. ರಸ್ತೆ ಹಾಕೋರು ಒಬ್ಬರು, ಅಗೆಯೋರು ಇನ್ನೊಬ್ಬರು ಅಂತ ನಾವು ಬೈಯೋದು ಇದಕ್ಕೇ.

ಆದರೆ ಬಿಕಾಂನಲ್ಲಿ ನಾವು ಕಲಿಯೋದು ಏನು? ಕಂಪನಿಯ ಮ್ಯಾನೇಜರ್ ಒಳ್ಳೆಯವನೋ ಕೆಟ್ಟವನೋ ಅಂತಲ್ಲ, ಷೇರುದಾರರಿಗೆ ಲೆಕ್ಕ ಒಪ್ಪಿಸಬೇಕಾ ಇಲ್ವಾ ಅಂತ. ವಾರ್ಷಿಕ ಸಭೆನೇ ಇಲ್ಲದ ಕಂಪನಿಯ ಷೇರು ನೀವು ತಗೋತೀರಾ?

ಮಾರ್ಚ್ 2025ರಲ್ಲಿ ಮಂಡಿಸಿದ ಬಿಬಿಎಂಪಿ ಬಜೆಟ್ ಸುಮಾರು 19,900 ಕೋಟಿ ರೂಪಾಯಿ. ಅದನ್ನ ಮಂಡಿಸಿದವರೂ ಒಪ್ಪಿದವರೂ ಅಧಿಕಾರಿಗಳು. ಏಪ್ರಿಲ್‌ನಿಂದ ಆಸ್ತಿ ತೆರಿಗೆ ಜೊತೆ ಕಸದ ಶುಲ್ಕ ಶುರುವಾಯ್ತು, ಮನೆಯ ಅಳತೆ ಮೇಲೆ ತಿಂಗಳಿಗೆ 10 ರೂಪಾಯಿಂದ 400 ರೂಪಾಯಿವರೆಗೆ. ಕಸ ಎತ್ತೋಕೆ ದುಡ್ಡು ಬೇಕು, ಶುಲ್ಕ ಇರಲಿ. ಆದರೆ ‘ಬಾಡಿಗೆ ಮನೆಯವರ ಮೇಲೆ ಎಷ್ಟು ಬೀಳುತ್ತೆ?’ ಅಂತ ಸಭೆಯಲ್ಲಿ ಎದ್ದು ಕೇಳೋ, ವಿರುದ್ಧ ಕೈ ಎತ್ತೋ ಒಬ್ಬ ವಾರ್ಡ್ ಪ್ರತಿನಿಧಿ ಇರಲಿಲ್ಲ. ನಾಲ್ಕನೇ ಪೋಸ್ಟಲ್ಲಿ ಹೇಳಿದ್ದೆ, ತೆರಿಗೆ ಮತ್ತು ಪ್ರತಿನಿಧಿ ಜೊತೆಗೆ ಬಂದಿದ್ದವು ಅಂತ. ಈ ಐದು ವರ್ಷ ಒಂದು ಮಾತ್ರ ಉಳೀತು.

ಕೆಟ್ಟ ಕಾರ್ಪೊರೇಟರ್‌ನ ಐದು ವರ್ಷಕ್ಕೆ ಮನೆಗೆ ಕಳಿಸಬಹುದು. ಒಳ್ಳೆ ಅಧಿಕಾರಿ ಇದ್ದರೂ ಅವರನ್ನ ಉಳಿಸ್ಕೊಳ್ಳೋಕೆ ನಮಗೆ ಆಗಲ್ಲ, ವರ್ಗಾವಣೆ ಆದರೆ ಮುಗೀತು.

9/10
(ಫೋಟೋ: ನಮ್ಮ ಬೀದಿಯ ಚಪ್ಪಡಿ ಕಲ್ಲು)

24 ನವೆಂಬರ್ 2019, ಭಾನುವಾರ. ಹುಳಿಮಾವು ಕೆರೆ ಏರಿ ಒಡೀತು. ನೂರಾರು ಮನೆಗೆ ನೀರು ನುಗ್ಗಿತು. ನಮ್ಮ ಅತ್ತೆ ಮನೆಯಲ್ಲಿ ಮಂಚದ ಮಟ್ಟಕ್ಕೆ ನೀರು. ನಾನಾಗ ಒಂಬತ್ತನೇ ಕ್ಲಾಸು. ರಾತ್ರಿ ನಮ್ಮ ಬೀದಿಯವರು ಸೇರಿ ಚಿತ್ರಾನ್ನ ಕಲಸಿ, ಪೊಟ್ಟಣ ಕಟ್ಟಿ ಕಳಿಸಿದ್ದು, ಯಾರೋ ಬೆಡ್‌ಶೀಟ್ ತಂದುಕೊಟ್ಟದ್ದು ಚೆನ್ನಾಗಿ ನೆನಪಿದೆ. ಆಗ ಕೌನ್ಸಿಲ್ ಇತ್ತು. ಇದ್ದೂ ಏರಿ ಒಡೀತು. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು ಕಡೆ ಮುಳುಗಿದಾಗ ಕೌನ್ಸಿಲ್ ಇರಲಿಲ್ಲ. ಹಾಗಾಗಿ ಚುನಾವಣೆ ಆದರೆ ಎಲ್ಲ ಸರಿಹೋಗುತ್ತೆ ಅಂತ ನಾನು ಹೇಳಲಾರೆ.

ಜನ ತಾವೇ ಮಾಡಿಕೊಂಡದ್ದೂ ಇದೆ. ಜೆ.ಪಿ. ನಗರ ಏಳನೇ ಹಂತದ ಪುಟ್ಟೇನಹಳ್ಳಿ ಕೆರೆಗೆ ಹೋಗಿದ್ದೀರಾ? ಅಕ್ಕಪಕ್ಕದ ನಿವಾಸಿಗಳು 2010ರಲ್ಲಿ ಟ್ರಸ್ಟ್ ಮಾಡಿಕೊಂಡು, ಮುಂದಿನ ವರ್ಷ ಪಾಲಿಕೆ ಜೊತೆ ಒಪ್ಪಂದ ಮಾಡಿಕೊಂಡು ಆ ಕೆರೆ ನೋಡ್ಕೊಂಡು ಬಂದರು. ನೀರುಗಂಟಿ ಮಾಡ್ತಿದ್ದ ಕೆಲಸವನ್ನ ಬೇರೆ ರೀತಿಯಲ್ಲಿ ಮುಂದುವರಿಸಿದ ಹಾಗೆ.

ಈಗ ಫೋಟೋದ ಕಲ್ಲು. ಈ ಜೂನ್‌ನಲ್ಲಿ ನಮ್ಮ ಬೀದಿ ಮೋರಿಯ ಚಪ್ಪಡಿ ಮುರೀತು. ಆ್ಯಪಲ್ಲಿ ದೂರು ಕೊಟ್ಟೆ. ಹತ್ತು ದಿನಕ್ಕೆ ‘ಪರಿಹರಿಸಲಾಗಿದೆ’ ಅಂತ ಮೆಸೇಜ್ ಬಂತು, ಕಲ್ಲು ಹಾಗೇ ಇತ್ತು. ಕಚೇರಿಗೆ ಹೋದೆ, ಇನ್ನೊಂದು ಕಚೇರಿಗೆ ಹೋಗು ಅಂದರು. ಯಾವ ಕಚೇರಿ ಅಂತ ಬರೆಯಲ್ಲ, ಅಲ್ಲಿ ಕೂತವರೂ ಮೂರು ಜನರ ಕೆಲಸ ಒಬ್ಬರೇ ಮಾಡ್ತಿದ್ದರು. ಆಗಸ್ಟ್‌ನಲ್ಲಿ ಎದುರು ಮನೆ ಆಂಟಿ ಕತ್ತಲಲ್ಲಿ ಅದರೊಳಗೆ ಕಾಲಿಟ್ಟು ಪಾದದ ಮೂಳೆ ಮುರ್ಕೊಂಡರು. ಮಾರನೇ ವಾರ 14 ಮನೆಯವರು ತಲಾ 400 ರೂಪಾಯಿ ಹಾಕಿ ಎರಡು ಕಲ್ಲು ತರಿಸಿ ಗಾರೆಯವರ ಕೈಲಿ ಕೂರಿಸಿದ್ವಿ. 5,600 ರೂಪಾಯಿ, ಲೆಕ್ಕ ಬರೆದು ವಾಟ್ಸಾಪ್ ಗ್ರೂಪಿಗೆ ನಾನೇ ಹಾಕಿದೆ. ತುಂಬಾ ಹೆಮ್ಮೆ ಆಗಿತ್ತು.

ಪಕ್ಕದ ಬೀದಿಯಲ್ಲೂ ಅದೇ ಥರ ಎರಡು ಚಪ್ಪಡಿ ಮುರಿದಿದೆ. ಅಲ್ಲಿ ಇರೋದು ಹೆಚ್ಚಾಗಿ ಪಿಜಿ ಮತ್ತು ಸಣ್ಣ ಬಾಡಿಗೆ ಮನೆ. ಹನ್ನೊಂದು ತಿಂಗಳಿಗೆ ಖಾಲಿ ಮಾಡೋರು ಯಾಕೆ ದುಡ್ಡು ಹಾಕ್ತಾರೆ, ಯಾರು ಕಲೆಕ್ಟ್ ಮಾಡ್ತಾರೆ? ಇವತ್ತು ಬೆಳಗ್ಗೆಯೂ ನೋಡಿದೆ, ಒಂದು ಮರದ ಕೊಂಬೆ ಸಿಗಿಸಿದ್ದಾರೆ ಅಷ್ಟೇ.

ಈ ವರ್ಷ ನಾನು ಕಲಿತ ದೊಡ್ಡ ಪಾಠ ಇದೇ. ಒಬ್ಬರಿಗೊಬ್ಬರು ಗೊತ್ತಿರೋ ಕಡೆ, ಕೈಯಲ್ಲಿ 400 ರೂಪಾಯಿ ಇರೋ ಕಡೆ, ಸಮುದಾಯ ಕೆಲಸ ಮಾಡುತ್ತೆ. ಉಳಿದ ಬೀದಿಗೆ ಸರ್ಕಾರ ಬೇಕು. ಆ ಬೀದಿಯವರ ಪರವಾಗಿ ಕೇಳೋಕೆ ವೋಟು ಕೇಳಿಕೊಂಡು ಬಂದ ಒಬ್ಬ ವ್ಯಕ್ತಿ ಬೇಕು.

10/10
(ಫೋಟೋ: ಮತದಾರರ ಗುರುತಿನ ಚೀಟಿ, ವಿವರ ಮುಚ್ಚಿದೆ)

ಹೊಸ ವ್ಯವಸ್ಥೆಯಲ್ಲಿ ಒಳ್ಳೇದು ಇಲ್ವಾ? ಇದೆ. ಪಾಲಿಕೆ ಚಿಕ್ಕದಾದರೆ ಮೇಯರ್ ಹತ್ತಿರ ಆಗಬಹುದು. ಮೇಯರ್ ಅವಧಿ ಒಂದು ವರ್ಷದ ಬದಲು ಎರಡೂವರೆ ವರ್ಷ. ವಾರ್ಡ್ ಚಿಕ್ಕದಾದರೆ ಕಾರ್ಪೊರೇಟರ್ ಮನೆ ಜಗಲಿಯೂ ಹತ್ತಿರ ಆಗುತ್ತೆ. ಆದರೆ ಐದು ಪಾಲಿಕೆಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಇದೆ, ಅದಕ್ಕೆ ಮುಖ್ಯಮಂತ್ರಿಗಳೇ ಅಧ್ಯಕ್ಷರು. ಮೇಲಿನ ಆ ಕೈ ಎಷ್ಟು ಕೆಳಗೆ ಬರುತ್ತೆ, ಪಾಲಿಕೆಗೆ ಎಷ್ಟು ಬಿಡುತ್ತೆ ಅನ್ನೋದನ್ನ ನಾವೇ ನೋಡ್ತಾ ಇರಬೇಕು.

ಚುನಾವಣೆ ಬರುವಾಗ ನಮ್ಮ ವಯಸ್ಸಿನವರಲ್ಲಿ ಸುಮಾರು ಎಲ್ಲರಿಗೂ ಇದು ಮೊದಲ ಪಾಲಿಕೆ ವೋಟು. ಅದಕ್ಕೆ ಮೂರು ಕೆಲಸ ಈಗಲೇ ಮಾಡಿ.

ಒಂದು, ಹೊಸ ಪಟ್ಟಿಯಲ್ಲಿ ನಿಮ್ಮ ಬೀದಿ ಯಾವ ವಾರ್ಡಿಗೆ ಬಂದಿದೆ ನೋಡಿ. ಹಳೆ ನಂಬರ್ ಮರೆತುಬಿಡಿ. 193 ಈಗ ಇಲ್ಲ.

ಎರಡು, ಮತದಾರರ ಪಟ್ಟಿಯಲ್ಲಿ ಹೆಸರು ಇದೆಯಾ ನೋಡಿ. ಹೊಸದಾಗಿ ಸೇರೋಕೆ ಫಾರಂ 6, ವಿಳಾಸ ಬದಲಾಗಿದ್ದರೆ ಫಾರಂ 8. ಪಿಜಿಯಲ್ಲಿ ಇರೋರಿಗೆ ಇದನ್ನ ಜೋರಾಗಿ ಹೇಳ್ತಿದ್ದೀನಿ. ‘ನಮ್ಮೂರು ಹಾಸನ, ನಮ್ಮೂರು ರಾಯಚೂರು, ಇಲ್ಲಿ ನಮಗೇನು’ ಅನ್ನಬೇಡಿ. ಮುರಿದ ಚಪ್ಪಡಿ ಇರೋದು ನಿಮ್ಮ ಬೀದಿಯಲ್ಲೇ.

ಮೂರು, ವೋಟು ಕೇಳೋಕೆ ಬಂದವರನ್ನ ಯಾವ ಪಕ್ಷ ಅಂತ ಕೇಳೋ ಮುಂಚೆ ಇಷ್ಟು ಕೇಳಿ: ವಾರ್ಡ್ ಸಮಿತಿ ಸಭೆ ಪ್ರತಿ ತಿಂಗಳು ಮಾಡ್ತೀರಾ, ಎಲ್ಲಿ? ವಾರ್ಡಿಗೆ ಬಂದ ದುಡ್ಡು, ಆದ ಖರ್ಚು ಬೋರ್ಡ್ ಮೇಲೆ ಬರೆದು ಹಾಕ್ತೀರಾ? ಐದು ವರ್ಷ ಆದ ಮೇಲೆ ಚುನಾವಣೆ ಮುಂದಕ್ಕೆ ಹೋದರೆ ನಮ್ಮ ಜೊತೆ ನಿಂತು ಕೇಳ್ತೀರಾ, ಇಲ್ಲ ನೀವೂ ಸುಮ್ಮನಾಗ್ತೀರಾ?

ನಾನು ಜನವರಿಯಲ್ಲಿ ಪಕ್ಕದ ಬೀದಿಯ ಎರಡು ಪಿಜಿಗೆ ಹೋಗಿ ಫಾರಂ ತುಂಬಿಸೋಕೆ ಕೂರ್ತೀನಿ, ಎರಡನೇ ಶನಿವಾರ ಸಂಜೆ. ಅರೆಕೆರೆ, ಹುಳಿಮಾವು, ಬಿಳೇಕಹಳ್ಳಿ ಕಡೆಯವರು ಜೊತೆಗೆ ಬರೋ ಹಾಗಿದ್ದರೆ ಮೆಸೇಜ್ ಮಾಡಿ. ಟೀ ನನ್ನದು. ಆಂಟಿ ಪ್ಲಾಸ್ಟರ್ ಬಿಚ್ಚಿದ್ದಾರೆ, ಅವರೂ ಬರ್ತೀನಿ ಅಂದಿದ್ದಾರೆ.

ನಿಮ್ಮ ಬೀದಿಯ ಕಥೆ ಕಾಮೆಂಟಲ್ಲಿ ಬರೀರಿ. ಹೊಸ ವರ್ಷದ ಶುಭಾಶಯ.

#ಅರೆಕೆರೆ #ನಮ್ಮವಾರ್ಡ್ #ಬೆಂಗಳೂರುದಕ್ಷಿಣ #ಬೇಗೂರು #ಊರಇತಿಹಾಸ #ಮೊದಲವೋಟು